ಮಾನ್ಯ ದಪ್ಪ ಮೀಸೆಯವರೇ

ಕಂಪ್ಯೂಟರಿಗೆ ನಾಚಿಕೆ ಅನ್ನೋದಿಲ್ಲ. ಅದು ಮಾಡೋ ಎಡವಟ್ಟಿಗೆಲ್ಲ ನಾಚಿಕೊಳ್ಳೋದಕ್ಕೆ ಸಂಸ್ಥೆಯವರು ನನ್ನನ್ನು ಇಟ್ಟುಕೊಂಡಿದ್ದಾರೆ. ತಿಂಗಳಿಗೆ ಒಂದಾದರೂ ಇಂಥದ್ದು ಆಗದಿದ್ದರೆ ಸರ್ವರ್ ನಿಂತೇ ಹೋಯಿತೇನೋ ಅಂತ ನನಗೆ ಅನುಮಾನ ಬರುತ್ತೆ.

ನಮ್ಮದು ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿರೋ ಸಣ್ಣ ಆಫೀಸು. ಕೆಜಿಎಫ್, ಬಂಗಾರಪೇಟೆ ಸುತ್ತಮುತ್ತ ಉಚಿತ ಕಣ್ಣಿನ ಶಿಬಿರ ನಡೆಸುತ್ತೇವೆ. ಹೆಸರು ಬರೆಸಿದವರಿಗೆಲ್ಲ ಶಿಬಿರದ ದಿನ ನೆನಪಿಸೋ ಮೆಸೇಜು ತಾನಾಗಿಯೇ ಹೋಗಬೇಕು. ಇದಕ್ಕೆ ಮಾರ್ಕೆಟಿಂಗ್ ಆಟೊಮೇಷನ್ ಅಂತಾರೆ. ಆ ಪ್ರೋಗ್ರಾಮು ಬರೆಯೋಳು ನಾನು. ನಮ್ಮಮ್ಮ ಮಾತ್ರ ಕೇಳಿದವರಿಗೆಲ್ಲ, "ಅವಳು ದಿನಾ ಕೂತ್ಕೊಂಡು ಊರೋರಿಗೆಲ್ಲ ಮೆಸೇಜ್ ಮಾಡ್ತಾಳೆ. ನಂಗೊಂದು ಫೋನ್ ಮಾಡೋಕೆ ಪುರುಸೊತ್ತಿಲ್ಲ" ಅಂತಾಳೆ.

ಮೀಸೆ

ಬೂದಿಕೋಟೆ ಕಡೆ ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು ಬಂದ ನಮ್ಮ ಕಾರ್ಯಕರ್ತೆ ಬಲು ಜಾಣೆ. ಒಂದೇ ಹೆಸರಿನವರು ಊರಲ್ಲಿ ಐದು ಜನ ಇದ್ದರೆ, ಹೆಸರಿನ ಜಾಗದಲ್ಲಿ ತನಗೆ ಗುರುತಾಗೋ ಹಾಗೆ ಏನಾದರೂ ಬರೆದಿಡುತ್ತಿದ್ದಳು. ನಾನು ಆ ಪಟ್ಟಿಯನ್ನು ನೋಡದೆ ಹಾಗೇ ಕಂಪ್ಯೂಟರಿಗೆ ತುಂಬಿಸಿದೆ. ಅದು ಒಬ್ಬರಿಗೆ, "ಮಾನ್ಯ ದಪ್ಪ ಮೀಸೆಯವರೇ, ಶಿಬಿರಕ್ಕೆ ತಪ್ಪದೆ ಬನ್ನಿ" ಅಂತ ಕಳಿಸಿಬಿಟ್ಟಿತು.

ಶಿಬಿರದ ದಿನ ಬಾಗಿಲಲ್ಲಿ ಮೊದಲು ಮೀಸೆ ಕಂಡಿತು, ಆಮೇಲೆ ಮನುಷ್ಯ ಕಂಡರು.

"ಈ ಮೆಸೇಜ್ ಆಕಿದ್ದು ಯಾರಮ್ಮ?"

"ನಾನೇ ಅಣ್ಣ. ತಪ್ಪಾಯ್ತು."

"ತಪ್ಪೇನು ಬಂತು? ನಲವತ್ತು ವರ್ಷದಿಂದ ಎಣ್ಣೆ ಆಕಿ ಸಾಕಿವ್ನಿ. ಯಾವನೂ ಒಂದ್ ದಪಾನೂ ಮಾನ್ಯ ಅಂದಿರ್ಲಿಲ್ಲ!"

ಅಷ್ಟರಲ್ಲಿ ಜೊತೆಗೆ ಬಂದಿದ್ದ ಪಕ್ಕದ ಮನೆಯವರು ತಮ್ಮ ಫೋನು ನನ್ನ ಮುಂದೆ ಹಿಡಿದರು. ಅವರಿಗೆ ಸರಿಯಾದ ಹೆಸರಲ್ಲೇ ಮೆಸೇಜು ಹೋಗಿತ್ತು.

"ನಂಗ್ಯಾಕಮ್ಮ ಬರೀ ಎಸ್ರು ಆಕಿದ್ದೀಯ? ನಂಗೂ ಐತಲ್ಲ ಮೀಸೆ!"

ಶಾಲು

ನಾವು ಬಳಸೋದು ಓಪನ್ ಸೋರ್ಸ್ ಸಾಫ್ಟ್‌ವೇರು. ಅಂದರೆ ಅದರ ಒಳಗೇನಿದೆ ಅಂತ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ನಮ್ಮ ಅಧ್ಯಕ್ಷರು ನಿವೃತ್ತ ಹೆಡ್ಮಾಸ್ತರು. ಅವರಿಗೆ ಇದು ಹಿಡಿಸಿರಲಿಲ್ಲ. "ಇದು ಪರೀಕ್ಷೇಲಿ ಕಾಪಿ ಹೊಡೆಯೋಕೆ ಬಾಗಿಲು ತೆಗೆದಿಟ್ಟ ಹಾಗಾಯ್ತಲ್ಲಮ್ಮ" ಅನ್ನೋರು.

ಒಮ್ಮೆ ಕನ್ನಡದ ಒತ್ತಕ್ಷರಗಳೆಲ್ಲ ಕಳಚಿಕೊಂಡು ಬೀಳತೊಡಗಿದವು. ಕಣ್ಣಿನ ಶಿಬಿರಕ್ಕೆ ನಾಲ್ಕೇ ದಿನ ಇದೆ, ಮೆಸೇಜಿನಲ್ಲಿ 'ಕಣ್ಣು' ಅನ್ನೋ ಪದವೇ ಮುರಿದು ಬಿದ್ದಿದೆ. ತಲೆ ಕೆರೆದುಕೊಂಡು ಸಾಕಾಗಿ, ಆ ಸಾಫ್ಟ್‌ವೇರ್ ಬಳಸೋರೆಲ್ಲ ಮಾತಾಡಿಕೊಳ್ಳೋ ಜಾಲತಾಣದಲ್ಲಿ ಕಷ್ಟ ಹೇಳಿಕೊಂಡೆ. ಬ್ರೆಜಿಲ್ ದೇಶದವನೊಬ್ಬ, ಕನ್ನಡದ ಗಂಧಗಾಳಿ ಇಲ್ಲದವನು, ಮರುದಿನವೇ ಸರಿಮಾಡಿ ಕಳಿಸಿದ.

ಹೆಡ್ಮಾಸ್ತರು ಕುರ್ಚಿಯಿಂದ ಎದ್ದೇ ನಿಂತರು. "ಯಾವ ದೇಶದ ಪುಣ್ಯಾತ್ಮನೋ! ಸನ್ಮಾನ ಮಾಡಲೇಬೇಕಮ್ಮ."

ವಿಡಿಯೋ ಕಾಲ್ ಮಾಡಿಕೊಟ್ಟೆ. ಅವರು ಕನ್ನಡದಲ್ಲೇ ಹತ್ತು ನಿಮಿಷ ಭಾಷಣ ಮಾಡಿದರು. ಆಮೇಲೆ ಲ್ಯಾಪ್‌ಟಾಪಿಗೆ ಶಾಲು ಹೊದಿಸಿ, ಅದರ ಮೇಲೆ ಮೈಸೂರು ಪೇಟ ಇಟ್ಟು, ಕೈಮುಗಿದು ನಿಂತರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಶಾಲಿನ ಒಳಗಿಂದ ಇಂಗ್ಲಿಷಿನಲ್ಲಿ ಗಾಬರಿಯ ದನಿ ಬಂತು: "ಹಲೋ? ಎಲ್ಲ ಕಪ್ಪಾಗಿಹೋಯ್ತು. ಇದನ್ನೂ ನಾನೇ ರಿಪೇರಿ ಮಾಡಬೇಕಾ?"

ನಯನಾ

"ಒಣ ಮಾತಿಗೆ ಜನ ಬರಲ್ಲಮ್ಮ, ಸ್ವಲ್ಪ ಪ್ರೀತಿಯಿಂದ ಬರಿ" ಅಂತ ಅಧ್ಯಕ್ಷರೇ ಹೇಳಿದ್ದು. ಬರೆದೆ. ನಮ್ಮ ಶಿಬಿರದ ಹೆಸರು 'ನಯನಾ'. ಮೆಸೇಜಿನ ಕೊನೆಗೂ ಅದೇ ಹೆಸರು ಹಾಕಿದೆ.

ಗದಗಿನ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡೋ ಒಬ್ಬರು ಹೆಸರು ಬರೆಸಿಯೂ ಶಿಬಿರಕ್ಕೆ ಬರಲಿಲ್ಲ. ಸೋಮವಾರ ಅವರಿಗೆ ಮೆಸೇಜು ಹೋಯಿತು: "ನೀವು ಬರಲೇ ಇಲ್ಲ. ಇಂತಿ, ನಯನಾ." ಮಂಗಳವಾರ: "ನಿಮ್ಮ ದಾರಿ ಕಾಯುತ್ತಿದ್ದೇನೆ. ಇಂತಿ, ನಯನಾ." ಬುಧವಾರ: "ನಿಮ್ಮ ಕಣ್ಣುಗಳದ್ದೇ ಯೋಚನೆ. ಇಂತಿ, ನಯನಾ, ರಾಬರ್ಟ್‌ಸನ್‌ಪೇಟೆ."

ಗುರುವಾರ ಬೆಳಿಗ್ಗೆ ಅವರ ಹೆಂಡತಿ, ಗಂಡನ ರಟ್ಟೆ ಹಿಡಿದು ಎಳೆದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು.

"ಎಲ್ಲದಾಳ್ರೀ ನಯನಾ? ಕರೀರಿ ಹೊರಗ!"

ಗಂಡ ಅಳೋದೊಂದು ಬಾಕಿ. "ನನಗ ಸಣ್ಣ ಅಕ್ಷರ ಕಾಣಂಗಿಲ್ಲ ಅಂತ ನಿನ್ನ ಕೈಯಾಗ ಫೋನ್ ಕೊಟ್ಟು ಓದಿಸೇನಿ. ಕಳ್ಳ ವ್ಯವಹಾರ ಇದ್ದಾಂವ ಹಂಗ ಮಾಡ್ತಾನೇನ?"

"ಜೋರಾಗಿ ಓದು ಅಂದ್ರಿ! ಅತ್ತೀನೂ ಕೇಳ್ಯಾರ!"

ನಾನು ಕಂಪ್ಯೂಟರ್ ತೋರಿಸಿದೆ. "ಅಕ್ಕಾ, ಇದೇ ನಯನಾ." ಅವರು ನಂಬಲಿಲ್ಲ. ಆಕೆಯ ನಂಬರನ್ನೇ ಕೇಳಿ ಹಾಕಿ ಗುಂಡಿ ಒತ್ತಿದೆ. ಕೈಯಲ್ಲಿದ್ದ ಫೋನು ಟಣ್ ಅಂದಿತು. 'ನಿಮ್ಮ ಕಣ್ಣುಗಳದ್ದೇ ಯೋಚನೆ' ಅನ್ನೋದನ್ನು ಎರಡು ಸಲ ಓದಿಕೊಂಡರು. ಮುಖದ ಸಿಟ್ಟು ಇಳಿಯಿತು. ಸದ್ಯ, ಒಂದು ಸಂಸಾರ ಉಳೀತು ಅಂತ ನಾನು ಉಸಿರು ಬಿಟ್ಟು, ಮುಂದಿನ ಶಿಬಿರಕ್ಕೆ ಗಂಡನ ಹೆಸರು ಬರೆದುಕೊಂಡೆ.

ಗಂಡ ಮೆಟ್ಟಿಲಿಳಿದು ಹೋದ ಮೇಲೆ ಆಕೆ ಮಾತ್ರ ಹಿಂದಕ್ಕೆ ಬಂದು, ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದರು.

"ಲಗ್ನಾಗಿ ಇಪ್ಪತ್ತೆರಡು ವರ್ಷಾತವಾ. ಈ ಮನಷ್ಯಾ 'ಪಲ್ಯಾಕ ಉಪ್ಪು ಕಮ್ಮಿ ಆಗೇತಿ' ಅನ್ನೋದು ಬಿಟ್ಟು ಬ್ಯಾರೆ ಮೆಸೇಜ್ ಕಳಿಸಿಲ್ಲ. ಕೆಳಗ ನಯನಾ ಅಂತ ಬರ್ತೈತಲ್ಲ, ಅದನ್ನ ತಗದು ಇವರ ಹೆಸರು ಹಾಕಿ, ದಿನಾ ನನಗ ಕಳಸವಾ."