ಕಣ್ಣ ಕೆಳಗಿನ ಸುಳಿ

ಇಂಗ್ಲಿಷಿನ ‘ಲುಕ್’ ಎಂಬ ಪದಕ್ಕೆ ‘ನೋಡು’ ಎಂದು ಅರ್ಥ, ಅಷ್ಟೇ ಎಂದು ಹೈಸ್ಕೂಲಿನಲ್ಲಿ ಕಲಿತವನು ನಾನು. ಆ ಒಂದೇ ಅರ್ಥದ ಮೇಲೆ ಮುಪ್ಪಿನವರೆಗೂ ಬದುಕು ಸಾಗಿಸಿದೆ. ಮೊನ್ನೆ ಮೊಮ್ಮಗಳು ಸಹನಾ ಶಾಲೆಯ ಮನೆಗೆಲಸ ಹಿಡಿದು ಪಕ್ಕದಲ್ಲಿ ಕೂತಾಗ ಗೊತ್ತಾಯಿತು, ಆ ಪದ ನನಗೆ ತಿಳಿಸದೆ ಒಂದು ದೊಡ್ಡ ಸಂಸಾರವನ್ನೇ ಕಟ್ಟಿಕೊಂಡಿದೆ ಎಂದು. ಹಿಂದೆ ‘ಆಫ್ಟರ್’ ಬಂದರೆ ಸಾಕಿ ಸಲಹುವುದಂತೆ, ‘ಫಾರ್’ ಬಂದರೆ ಹುಡುಕುವುದಂತೆ, ‘ಡೌನ್ ಆನ್’ ಬಂದರೆ ಕೀಳಾಗಿ ಕಾಣುವುದಂತೆ. ಇಷ್ಟು ಸಾಲದು ಎಂದು ಮುಂದೆಯೂ ಒಂದು ಬಾಲ.

“ತಾತ, ಓವರ್‌ಲುಕ್ ಅಂದ್ರ ಎರಡು ಅರ್ಥ ಅದಾವ. ಕಣ್ಣ ಮುಂದ ಇದ್ರೂ ಕಾಣದಂಗ ಹೋಗೋದು ಒಂದು. ಕಂಡ್ರೂ ಹೋಗ್ಲಿ ಬಿಡು ಅಂತ ಸುಮ್ನಿರೋದು ಇನ್ನೊಂದು. ಎರಡಕ್ಕೂ ಒಂದೊಂದು ವಾಕ್ಯ ಹೇಳು.”

ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ. ಮಗುವಿಗೆ ಹೇಳಲಾರದ್ದನ್ನು ನಿಮ್ಮ ಮುಂದೆ ಒಪ್ಪಿಸಿಬಿಡುತ್ತೇನೆ.

ಕನ್ನಡದ ನೋಟವೇನೂ ಕಡಿಮೆಯದಲ್ಲ. ವೈದ್ಯರು ನಾಡಿ ನೋಡುವುದು ಬೆರಳಿನಿಂದ. ನನ್ನ ಹೆಂಡತಿ ಶಾಂತಮ್ಮ ಸಾರಿನ ಉಪ್ಪು ನೋಡುವುದು ನಾಲಿಗೆಯಿಂದ. ಜಗಳದಲ್ಲಿ ‘ನಿನ್ನ ನೋಡ್ಕಂತೀನಿ’ ಎಂದವನು ಆಮೇಲೆ ಎದುರು ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ‘ನೋಡೋಣ ಬಿಡ್ರಿ’ ಎಂದರಂತೂ ಆಗುವುದಿಲ್ಲ ಎಂದೇ ಅರ್ಥ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾರನ್ನು ಬೇಕಾದರೂ ಕೇಳಿ. ಹೀಗೆ ಲೋಕದ ಮುಕ್ಕಾಲು ನೋಟಕ್ಕೆ ಕಣ್ಣೇ ಬೇಕಾಗಿಲ್ಲ. ನನ್ನ ಕಣ್ಣಿಗೆ ಪೊರೆ ಬರತೊಡಗಿದಾಗ ಯಾರಿಗೂ ಹೇಳದೆ ಧೈರ್ಯವಾಗಿದ್ದದ್ದು ಈ ಲೆಕ್ಕಾಚಾರದ ಮೇಲೆಯೇ.

ಆದರೆ ನನ್ನ ಹೆಸರು ನಿಂತಿದ್ದದ್ದು ಉಳಿದ ಕಾಲು ಭಾಗದ ಮೇಲೆ. ಕೊಟ್ಟೂರಿನಲ್ಲಿ ನಮ್ಮದು ದನಗಳ ಹಿಂಡಿ, ಬೂಸಾ ಮಾರುವ ಅಂಗಡಿ. ಈಗ ಗಲ್ಲಾಪೆಟ್ಟಿಗೆಯ ಮುಂದೆ ಮಗ ಕೂರುತ್ತಾನೆ. ನಾನು ಬೆಂಚಿನ ಮೇಲೆ ಕೂತು ಯಾರೂ ಕೇಳದ ಸಲಹೆ ಕೊಡುತ್ತೇನೆ. ಒಂದು ವಿಷಯದಲ್ಲಿ ಮಾತ್ರ ಜನ ಕೇಳಿಕೊಂಡು ಬರುತ್ತಿದ್ದರು. ಅದು ಸುಳಿ ನೋಡುವುದು. ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗವೇ ಸುಳಿ. ಇಂಥ ಕಡೆ ಇದ್ದರೆ ಕೊಂಡವರ ಮನೆ ಬೆಳಗುತ್ತದೆ, ಇಂಥ ಕಡೆ ಇದ್ದರೆ ಕೆಡುತ್ತದೆ, ಕಣ್ಣಿನ ಕೆಳಗಿದ್ದರಂತೂ ಆ ಮನೆಯಲ್ಲಿ ಕಣ್ಣೀರು ಆರುವುದಿಲ್ಲ ಎಂದು ನನ್ನ ಅಪ್ಪ ಹೇಳಿಕೊಟ್ಟಿದ್ದ. ದನದ ಒಡೆಯರ ಎದುರು ದೋಷವನ್ನು ಬಾಯಿಬಿಟ್ಟು ಆಡುವುದು ಮರ್ಯಾದೆಯಲ್ಲ. ಅದಕ್ಕೇ ನಾನು ಹೆಗಲ ಮೇಲಿನ ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಕರೆದುಕೊಂಡು ಹೋದವರು ಅದನ್ನು ಕಂಡು ಸುಮ್ಮನೆ ಹೊರಡುತ್ತಿದ್ದರು. ಒಮ್ಮೆ ಸೆಕೆಗೆ ಟವೆಲ್ ಬದಲಾಯಿಸಿ ಒಂದು ಒಳ್ಳೆಯ ಎತ್ತಿನ ವ್ಯಾಪಾರ ಮುರಿದದ್ದೂ ಉಂಟು. ಅದು ಬೇರೆ ಕಥೆ.

ಪೊರೆ ಬಲಿತಿದ್ದ ಆ ದಿನಗಳಲ್ಲೇ ಶಾಂತಮ್ಮನ ತಮ್ಮ ಕೊಟ್ರೇಶ ಆಕಳು ಕೊಳ್ಳಬೇಕೆಂದು ನನ್ನನ್ನು ಹರಪನಹಳ್ಳಿ ಕಡೆಯ ಅರಸೀಕೆರೆಗೆ ಕರೆದೊಯ್ದ. ಆಕಳಿನ ಒಡತಿ ಗಂಗಮ್ಮ, ಒಂಟಿ ಹೆಂಗಸು. ಹಡಗಲಿಯಲ್ಲಿರುವ ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ಬಾಣಂತನಕ್ಕೆ ಹೋಗಬೇಕು, ಅದಕ್ಕೆ ಮೊದಲು ಆಕಳಿಗೊಂದು ಮನೆ ಸಿಗಬೇಕು. “ಬಡಿಯೋರ ಮನಿಗೆ ಕೊಡಾಕಿಲ್ರಿ. ಇದು ಗೌರಿ ಅಂತ ಹೆಸರು ಹಿಡದು ಕರದ್ರ ಬರತೈತಿ,” ಎಂದಳು. ಕೊಟ್ರೇಶ ಹಿಗ್ಗಿದ. ಅವನು ಹಿಂದೆ ನಿಂತು ಕೆಚ್ಚಲು ನೋಡುತ್ತಿದ್ದ. ನಾನು ಮುಂದೆ ನಿಂತು ಮುಖ ನೋಡುತ್ತಿದ್ದೆ, ಅಂದರೆ ಮುಖ ಇರಬೇಕಾದ ಕಡೆಗೆ. ನನಗೆ ಕಾಣುತ್ತಿದ್ದದ್ದು ದೊಡ್ಡದೊಂದು ಬೆಳ್ಳಗಿನ ಮಂಜು. ಆ ಮಂಜಿನಲ್ಲಿ, ಎಡಗಣ್ಣಿನ ಕೆಳಗೆ, ಕಪ್ಪಗೆ ದುಂಡಗೆ ಏನೋ ಇತ್ತು. ಕೈಯಿಂದ ಮುಟ್ಟಿ ನೋಡಬಹುದಿತ್ತು. ಮುಟ್ಟಿದರೆ ಕಣ್ಣು ಕಾಣದು ಎಂದು ಗೊತ್ತಾಗುತ್ತದಲ್ಲ! ಟವೆಲನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡೆ.

“ನೋಡೋಣ ಬಿಡವ್ವ,” ಎಂದು ಕೊಟ್ರೇಶ ಬಾಡಿದ ದನಿಯಲ್ಲಿ ಹೇಳಿದ.

ಅವನು ಅಲ್ಲಿಗೇ ಬಿಟ್ಟಿದ್ದರೆ ನನ್ನ ತಪ್ಪು ಅಷ್ಟಕ್ಕೇ ಮುಗಿಯುತ್ತಿತ್ತು. ದೋಷ ಏನೆಂದು ದಾರಿಯಲ್ಲಿ ನನ್ನಿಂದ ಕೇಳಿ ತಿಳಿದುಕೊಂಡವನು, ಬಸ್ಸಿಗೆ ಕಾಯುತ್ತಾ ಆ ಊರಿನ ಚಹಾದಂಗಡಿಯಲ್ಲಿ ಎಲ್ಲರ ಮುಂದೆ ಕೂತು, “ನಮ್ಮ ಮಾಮನ ಕಣ್ಣು ಅಂದ್ರ ಕಣ್ಣು. ನನಗ ಕಾಣಲೇ ಇಲ್ಲ, ಇವ್ರು ನಿಂತಲ್ಲೇ ಹಿಡದ್ರು, ಕಣ್ಣ ಕೆಳಗ ಸುಳಿ!” ಎಂದು ಹೊಗಳಿದ. ನಾನೂ ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಚಹಾದ ಜೊತೆ ಕುಡಿದೆ. ಆಮೇಲೆ ಗಂಗಮ್ಮನ ಹಿತ್ತಲಿಗೆ ಒಬ್ಬ ಗಿರಾಕಿಯೂ ಸುಳಿಯಲಿಲ್ಲ.

ಒಂದು ಬೆಳಿಗ್ಗೆ ಅವಳೇ ನಮ್ಮ ಅಂಗಡಿಗೆ ಬಂದಳು. ಕೊಟ್ರೇಶ ಹಿಂಡಿ ಒಯ್ಯಲು ಬಂದು ಅಲ್ಲೇ ನಿಂತಿದ್ದ. ಶಾಂತಮ್ಮ ನನಗೆ ಚಹಾ ತಂದಿದ್ದಳು. ಅವಮಾನಕ್ಕೆ ಪ್ರೇಕ್ಷಕರು ಸಾಕಾಗುವಷ್ಟಿದ್ದರು.

“ಏನ್ರಿ ಅಣ್ಣಾರ, ನನ್ನ ಗೌರಿ ಮಾರಿಮ್ಯಾಲ ಏನ್ ಕಂಡ್ರಿ?”

“ಕಣ್ಣ ಕೆಳಗ... ಎಡಕ್ಕ... ಕಪ್ಪಗ...”

“ಅಯ್ಯ ನಿಮ್ಮ! ಅದು ಕಾಡಿಗಿ ಬೊಟ್ಟು! ಬಂದೋರ ದೃಷ್ಟಿ ತಾಗಬಾರ್ದು ಅಂತ ನಾನ ಹಚ್ಚಿದ್ದು. ದಿನಾ ಅಳಿಸಿ ದಿನಾ ಹಚ್ತೀನಿ. ಮಗಳು ಅಲ್ಲಿ ನೋವು ಶುರುವಾದ್ರ ಯಾರದಾರ ಅಂತ ಫೋನಿನ್ಯಾಗ ಅಳಾಕತ್ಯಾಳ. ನಾನು ಇಲ್ಲಿ ಗೌರಿ ಬಿಟ್ಟು ಹೋಗಂಗಿಲ್ಲ.”

ನಾನು ತಲೆ ಎತ್ತಿದೆ. ಗಂಗಮ್ಮ ಹತ್ತಿರ ಬಂದು, ನಾನು ದನದ ಮುಖ ನೋಡುವ ರೀತಿಯಲ್ಲೇ ನನ್ನ ಮುಖ ನೋಡಿದಳು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.

“ದೋಷ ನಿಮ್ಮ ಕಣ್ಣಾಗ ಐತ್ರಿ ಅಣ್ಣಾರ. ಎರಡೂ ಕಣ್ಣು ಮೊಸರು ಹೆಪ್ಪಾಕಿದಂಗ ಅದಾವ.”

ನಾನು ಟವೆಲನ್ನು ಹೆಗಲಿನಿಂದ ತೆಗೆದು ಮುಖ ಮುಚ್ಚಿಕೊಂಡೆ. “ತಪ್ಪಾತವ್ವ. ನನಗ ಏನೂ ಕಾಣ್ತಿರ್ಲಿಲ್ಲ,” ಎಂದೆ. ಆ ಮಾತು ಹೊರಬಂದದ್ದೇ ಎದೆ ಹಗುರವಾಯಿತು. ಆದರೆ ಶಾಂತಮ್ಮ ಬಿಡಬೇಕಲ್ಲ. “ಅದಕ್ಕ ಹೇಳ್ರಿ! ಮೊನ್ನಿ ಹಬ್ಬಕ್ಕ ಹೊಸ ಸೀರಿ ಉಟ್ಟು ಮುಂದ ನಿಂತ್ರ, ‘ಯಾರವ್ವ, ಹಿಂಡಿ ಬೇಕಿತ್ತಾ?’ ಅಂದ್ರಲ್ಲ!” ಎಂದಳು. ಗಂಗಮ್ಮ ಕಿಸಕ್ಕನೆ ನಕ್ಕಳು. ಅವಳು ನಕ್ಕ ಮೇಲೆ ಕೊಟ್ರೇಶನಿಗೂ ಧೈರ್ಯ ಬಂತು. ಅವತ್ತೇ ಅವನು ಅರಸೀಕೆರೆಗೆ ಹೋಗಿ ಗೌರಿಯನ್ನು ಕೊಂಡು ತಂದ. ಗಂಗಮ್ಮ ಹಡಗಲಿ ಬಸ್ಸು ಹತ್ತಿದಳು. ಹೆಣ್ಣುಮಗು ಹುಟ್ಟುವ ಹೊತ್ತಿಗೆ ಅಜ್ಜಿ ಮಗ್ಗುಲಲ್ಲೇ ಇದ್ದಳಂತೆ. ನನ್ನನ್ನು ಹೊಸಪೇಟೆಗೆ ಒಯ್ದು ಪೊರೆ ತೆಗೆಸಿದರು.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ಸಹನಾಳಿಗೆ ಒಂದು ವಾಕ್ಯ ಸಿಗುತ್ತಿತ್ತು. ಆದರೆ ಎರಡನೆಯ ವಾಕ್ಯವೂ ಒದಗಿತು. ಹೊಸ ಕಣ್ಣು ಬಂದ ಮೇಲೆ ಕೊಟ್ರೇಶನ ಮನೆಗೆ ಗೌರಿಯನ್ನು ನೋಡಲು ಹೋದೆ. ಕೊಟ್ಟಿಗೆಯಲ್ಲಿ ಕರು ನೆಗೆಯುತ್ತಿತ್ತು, ಮನೆ ತುಂಬ ಹಾಲು, ಮೊಸರು, ನಗು. ಕ್ಷಮೆ ಕೇಳುವವನಂತೆ ಗೌರಿಯ ಮುಖ ಸವರಿದೆ. ಎಡಗಣ್ಣಿನ ಕೆಳಗೆ ಅಪ್ಪಟ ಬಿಳುಪು. ಬಲಗಣ್ಣಿನ ಕೆಳಗೆ, ರೆಪ್ಪೆಯ ನೆರಳಲ್ಲಿ, ಸಾಸಿವೆಯಷ್ಟು ಸಣ್ಣದಾಗಿ, ಸೊಗಸಾಗಿ ಸುತ್ತಿಕೊಂಡ ಒಂದು ಸುಳಿ. ಬೆರಳಿನಿಂದ ಉಜ್ಜಿದೆ. ಕಾಡಿಗೆಯಲ್ಲ.

“ಏನ್ ಮಾಮ, ಮತ್ತ ಏನ್ ಹುಡುಕಾಕತ್ತಿ?” ಎಂದ ಕೊಟ್ರೇಶ.

“ಏನಿಲ್ಲೋ. ಕಣ್ಣಾಗ ಪಿಸುರು ಐತೇನೋ ಅಂತ,” ಎಂದೆ. ಟವೆಲ್ ಜಾರುತ್ತಿತ್ತು. ಆದರೂ ಅದೇ ಹೆಗಲ ಮೇಲೆ ಒತ್ತಿ ಹಿಡಿದುಕೊಂಡೆ.

ಇದನ್ನು ಕೊಟ್ರೇಶ ಓದಿಬಿಟ್ಟಾನೆಂಬ ಭಯ ನನಗೆ ಇಲ್ಲದಿಲ್ಲ. ಆದರೆ ಈಚೆಗೆ ಅವನಿಗೂ ಅಕ್ಷರಗಳು ಮಸುಕಾಗಿ ಕಾಣುತ್ತಿವೆಯಂತೆ. ತಡ ಮಾಡದೆ ಡಾಕ್ಟರಿಗೆ ತೋರಿಸೋ ಎಂದು ಅವನ ಅಕ್ಕ ಗಂಟುಬಿದ್ದಿದ್ದಾಳೆ. ನಾನು ಮಾತ್ರ, “ಅವಸರ ಏನೈತಿ, ನೋಡೋಣ ಬಿಡು,” ಅನ್ನುತ್ತಿದ್ದೇನೆ.