ಗಾಳಿಯಾಡುವ ಅಂಗಿ

ಕತ್ತಿನ ಅಳತೆ ತಪ್ಪಿದ್ದೇ ಎಲ್ಲ ತಾಪತ್ರಯಕ್ಕೆ ಮೂಲ.

ನರ್ಸಮ್ಮನಿಗೆ ಬಹಳ ದಿನಗಳ ಮೇಲೆ ಒಂದು ರಜೆ ಸಿಕ್ಕಿತ್ತು. ಸುಮ್ಮನೆ ಮಲಗಿಬಿಟ್ಟಿದ್ದರೆ ಯಾವ ಗೋಳೂ ಇರುತ್ತಿರಲಿಲ್ಲ. ಆದರೆ ಸೆಕೆಯೋ ಸೆಕೆ. ಮೈಗೆ ಅಂಟದ, ಗಾಳಿಯಾಡುವ ಒಂದು ಉದ್ದನೆಯ ಅಂಗಿ ಹೊಲಿದುಕೊಂಡು, ಅದನ್ನು ತೊಟ್ಟು ಮಲಗೋಣ ಎಂದು ಆಸೆಪಟ್ಟಳು. ತಿಳಿಹಸಿರು ಹತ್ತಿಬಟ್ಟೆ ಕತ್ತರಿಸಿ, ಬೆಳಗಿನಿಂದ ಮಿಷನ್ ತುಳಿದು, ಕೊನೆಗೆ ತಲೆಯ ಮೇಲಿಂದ ಇಳಿಸಿಕೊಂಡಳು. ಅಂಗಿ ಮೂಗಿನವರೆಗೆ ಬಂದು ನಿಂತಿತು. ಕೆಳಗೂ ಇಳಿಯದು, ಮೇಲಕ್ಕೂ ಏರದು.

ಚೀಲದೊಳಗೆ ಸಿಕ್ಕ ಬೆಕ್ಕಿನಂತೆ ಅವಳು ಒದ್ದಾಡುವ ಸದ್ದಿಗೆ ಮೇಲ್ಮನೆ ಅಜ್ಜಿ ಬಂದರು, ಅವರ ಹಿಂದೆಯೇ ಎದುರುಮನೆ ಅಕ್ಕ. ಇಬ್ಬರೂ ಸೇರಿ ಅವಳನ್ನು ಬಿಡಿಸಿದರು. ಬಿಡಿಸಿದ ಮೇಲೂ ಹೋಗಲಿಲ್ಲ.

ಬೆನ್ನ ಮೇಲೆ ಉದ್ದಕ್ಕೆ ಸೀಳಿಬಿಡು ಎಂದರು ಅಜ್ಜಿ. ಸೀಳಿದರೆ ತೆರೆದುಕೊಳ್ಳುತ್ತೆ, ಲಾಡಿ ಇಡು ಎಂದಳು ಅಕ್ಕ. ತೋಳು ಬಿಗಿಯಾಯಿತೆಂದು ಅಜ್ಜಿಯೇ ಕತ್ತರಿ ಆಡಿಸಿದರು. ಒಂದು ಗಿಡ್ಡವಾಯಿತು, ಸಮ ಮಾಡಲು ಹೋಗಿ ಇನ್ನೊಂದು ಅದಕ್ಕಿಂತ ಗಿಡ್ಡವಾಯಿತು. ಬೇಡವೆನ್ನಲು ನರ್ಸಮ್ಮ ಬಾಯಿ ತೆರೆದಾಗಲೆಲ್ಲ ಆಕಳಿಕೆ ಬಂತು. ಅವರು ಅದನ್ನೇ ಒಪ್ಪಿಗೆ ಎಂದುಕೊಂಡರು.

"ಬೆನ್ನ ಹಿಂದೆ ನಂಗೆ ಕೈ ಎಟಕಲ್ವಲ್ಲ ಅಜ್ಜಿ," ಎಂದಳು ಒಮ್ಮೆ.

"ಕಟ್ಟೋಕೆ ನಾವಿಲ್ವೇನೇ?"

ಹೊತ್ತು ಇಳಿಯುವಾಗ ಅಂಗಿ ಮುಗಿಯಿತು. ತೊಟ್ಟರೆ ಮೈ ಹಗುರಾದಂತಾಯಿತು. ಮನೆಯೊಳಗೆ ಮಾತ್ರ ಒಲೆಯ ಕಾವು. ಅವಳು ಬೀದಿ ಕೊನೆಯ ಮರದ ಕೆಳಗಿನ ಕಲ್ಲುಬೆಂಚಿಗೆ ಬಂದು ಕೂತಳು. ಕೂತಲ್ಲೇ ಕತ್ತು ವಾಲಿತು.

ಆ ದಾರಿಯಲ್ಲಿ ಅವಳ ಆಸ್ಪತ್ರೆಯದೇ ಖಾಲಿ ಆಂಬುಲೆನ್ಸ್ ಬಂತು. ಡ್ರೈವರ್ ಹೊಸಬ, ಒಳ್ಳೆಯವನು. ರೋಗಿಗಳಿಗೆ ತೊಡಿಸುವಂಥದೇ ತಿಳಿಹಸಿರು ಅಂಗಿ, ಬೆನ್ನಿಗೆ ಲಾಡಿ, ಕೆದರಿದ ತಲೆ ನೋಡಿ, ವಾರ್ಡಿನಿಂದ ತಪ್ಪಿಸಿಕೊಂಡ ರೋಗಿ ಎಂದೇ ತೀರ್ಮಾನಿಸಿದ.

"ಬನ್ನಿ ಅಮ್ಮ, ವಾಪಸ್ ಹೋಗೋಣ. ಯಾರೂ ಬಯ್ಯಲ್ಲ."

"ನಾನು ಅಲ್ಲಿ ನರ್ಸು ಕಣಪ್ಪಾ."

"ಆಯ್ತಮ್ಮ. ನಿನ್ನೆ ಒಬ್ರು ನಾನೇ ದೊಡ್ಡ ಡಾಕ್ಟ್ರು ಅಂದ್ರು, ಅವರನ್ನೂ ಕರ್ಕೊಂಡು ಹೋದೆ."

ಅಷ್ಟರಲ್ಲಿ ಓಡಿ ಬಂದ ಎದುರುಮನೆ ಅಕ್ಕನನ್ನು ನರ್ಸಮ್ಮ ಆಸೆಯಿಂದ ನೋಡಿದಳು. ಅಕ್ಕ, ಇವಳು ಬೆಳಗಿನಿಂದ ಮಂಕಾಗಿದ್ದಾಳೆ, ಏನು ಕೇಳಿದರೂ ಬರೀ ಬಾಯಿ ಬಿಡುತ್ತಾಳೆ, ಒಮ್ಮೆ ತೋರಿಸಿದರೆ ಒಳ್ಳೆಯದೇ ಎಂದಳು.

ಆಸ್ಪತ್ರೆಯಲ್ಲಿ ಬೇರೊಂದು ವಾರ್ಡಿನ, ಅವಳ ಗುರುತಿಲ್ಲದ ಆಯಾ ಅವಳನ್ನು ಫ್ಯಾನಿನ ಕೆಳಗಿನ ಹಾಸಿಗೆಗೆ ಏರಿಸಿದಳು. ವಿವರಿಸಬೇಕೆಂದು ನರ್ಸಮ್ಮ ಎದ್ದು ಕೂತಳು. ಹಾಸಿಗೆ ತಣ್ಣಗಿತ್ತು. ಯಾರೂ ಅವಳನ್ನು ಏನನ್ನೂ ಕೇಳುತ್ತಿರಲಿಲ್ಲ. ಇವತ್ತು ಹೇಗೂ ರಜೆ, ಎಲ್ಲಿ ಮಲಗಿದರೇನು ಎನಿಸಿತು. ಮತ್ತೆ ಒರಗಿದಳು.

ಕಣ್ಣು ಹತ್ತಿತೋ ಇಲ್ಲವೋ, ಯಾರೋ ಭುಜ ಅಲ್ಲಾಡಿಸಿದರು. ಹೆಡ್ ನರ್ಸ್.

"ನೀನಾ? ಸದ್ಯ ಬಂದ್ಯಲ್ಲ. ಫೋನ್ ಮಾಡಿ ಮಾಡಿ ಸಾಕಾಯ್ತು. ಇವತ್ತು ಇಬ್ರು ಕೈಕೊಟ್ಟಿದಾರೆ."

"ಮೇಡಂ, ನಾನಿವತ್ತು ರೋಗಿ," ಎಂದಳು ಕಣ್ಣು ಮುಚ್ಚಿಕೊಂಡೇ.

"ಆಮೇಲೆ ಆಗುವೆಯಂತೆ. ಏಳು, ಹಾಸಿಗೆ ಬೇಕು."

ಯಾರದೋ ಬಿಗಿ ಯೂನಿಫಾರ್ಮಿನಲ್ಲಿ ಮೈ ತುರುಕಿಕೊಂಡು ಅವಳು ಮರಳಿ ಬರುವಷ್ಟರಲ್ಲಿ, ಆಯಾ ಅವಳು ಕಳಚಿಟ್ಟ ಅಂಗಿಯನ್ನು ಆಗತಾನೆ ಸೇರಿದ ಮುದುಕಿಗೆ ತೊಡಿಸಿ ಮಲಗಿಸಿದ್ದಳು. ಮುದುಕಿ ಫ್ಯಾನಿನ ಗಾಳಿಗೆ ಕಾಲು ಚಾಚಿ ನಿಟ್ಟುಸಿರಿಟ್ಟಳು.

"ಎಷ್ಟು ಹಾಯಾಗಿದೆ ಕಣಮ್ಮ. ಮನೆಗೆ ಹೋಗುವಾಗ ಇದನ್ನ ನಾನೇ ಇಟ್ಕೋಬಹುದಾ?"

ನರ್ಸಮ್ಮ ದಿಂಬು ಎತ್ತರಿಸುವಷ್ಟರಲ್ಲಿ ಮುದುಕಿಗೆ ನಿದ್ದೆ ಹತ್ತಿಬಿಟ್ಟಿತ್ತು. ಹೊದಿಕೆ ಸರಿಮಾಡಿ, ರೋಗಿಯೊಬ್ಬರು ಗಂಟೆ ಬಾರಿಸುತ್ತಿದ್ದ ಇನ್ನೊಂದು ಹಾಸಿಗೆಯ ಕಡೆ ನಡೆದಳು.