ನೂರ ಎಂಬತ್ತೆರಡನೆಯ ದಿನ

ಆದಾಯ ತೆರಿಗೆಯವರ ಭಯ ನನಗೆ ಆದಾಯಕ್ಕಿಂತ ಮೊದಲೇ ಬಂದದ್ದು. ಅಂಚೆಯವನು ಉದ್ದನೆಯ ಲಕೋಟೆ ತಂದರೆ ಸಾಕು, ಒಳಗಿರುವುದು ಮದುವೆ ಕರೆಯೋಲೆಯಾದರೂ ಹೆಂಡತಿಯ ಕೈಯಿಂದಲೇ ಒಡೆಸುತ್ತೇನೆ. ಇಂಥ ಧೀರನ ಪಾಲಿಗೆ ಕಳೆದ ವರ್ಷ ತಂಗಿಯ ದಿನ ಎಣಿಸುವ ಕೆಲಸ ಬಿತ್ತು.

ತಂಗಿ ಸುಮಾ ಮಸ್ಕತ್ತಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಅಮ್ಮ ಹಾಸಿಗೆ ಹಿಡಿದಳೆಂದು ಮೇ ತಿಂಗಳಲ್ಲಿ ಅಂಗಡಿಯನ್ನು ಗೆಳತಿಗೆ ಒಪ್ಪಿಸಿ ಕುರುಬರಹಳ್ಳಿಯ ನಮ್ಮ ಮನೆಗೆ ಬಂದಳು. ನಮ್ಮ ಆಡಿಟರು ಎಚ್ಚರಿಸಿದರು: "ಮಾರ್ಚ್ ಮುಗಿಯೋದ್ರೊಳಗೆ ಒಟ್ಟು ನೂರ ಎಂಬತ್ತೆರಡು ದಿನ ಆದ್ರೆ ಇಲ್ಲೀ ನಿವಾಸಿ ಅಂತ ಲೆಕ್ಕ ಸಾರ್. ಬಂದ ದಿನ, ಹೋಗೋ ದಿನ ಎರಡೂ ಸೇರುತ್ತೆ. ಹುಷಾರು."

ಆ 'ಹುಷಾರು' ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು. ಹಾಲಿನವನು ತಪ್ಪಿಸಿದ ದಿನಗಳಿಗೆ ಹೆಂಡತಿ ಹಾಕಿದ್ದ ಗೀಟುಗಳನ್ನೂ ಸೇರಿಸಿಕೊಂಡು, ತಂಗಿಯನ್ನು ವಾರ ಮೊದಲೇ ಅಟ್ಟಲು ಹೊರಟಿದ್ದೆ. "ಇನ್ನೊಂದ್ಸಲ ಎಣಿಸ್ರೀ" ಎಂದು ಹೆಂಡತಿಯೇ ತಡೆದಳು.

ಅಮ್ಮ ಮಲಗಿದಲ್ಲಿಂದಲೇ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಕೇಳಿದಳು, "ಡಾಕ್ಟ್ರು ಇನ್ನೆಷ್ಟು ದಿನ ಅಂದ್ರೋ?"

"ನಿನ್ನ ಲೆಕ್ಕ ಅಲ್ಲಮ್ಮ, ಸುಮಂದು. ತೆರಿಗೆ."

"ಮಗಳು ತಾಯಿ ಹತ್ರ ಇರೋಕೂ ಗಡುವಾ?" ಎಂದು ನಕ್ಕಳು. ಆಮೇಲೆ ಸುಮಳ ಸೆರಗಿನ ತುದಿ ಹಿಡಿದುಕೊಂಡೇ ನಿದ್ದೆ ಹೋದಳು.

ಕೊನೆಯ ಸುರಕ್ಷಿತ ದಿನ ಶುಕ್ರವಾರ ಬಿತ್ತು. "ಶುಕ್ರವಾರ ಮನೆಮಗಳನ್ನ ಕಳಿಸ್ತಾರೇನೋ? ಶನಿವಾರ ಹೋಗ್ಲಿ" ಎಂದಳು ಅಮ್ಮ. ಶನಿವಾರವೆಂದರೆ ನೂರ ಎಂಬತ್ತೆರಡು! ನಾನು ಗುರುವಾರವೇ ಹೊರಡಿಸಿದೆ. "ಏಪ್ರಿಲ್‌ಗೆ ಹೊಸ ಲೆಕ್ಕ ಶುರುವಾಗುತ್ತೆ, ಬಂದ್ಬಿಡ್ತೀನಮ್ಮ" ಎಂದು ಸುಮಾ ಕುಂಕುಮ ಇಟ್ಟುಕೊಂಡು ಹೋದಳು.

ಅಮ್ಮ ಫೆಬ್ರವರಿಯಲ್ಲಿ ತೀರಿಕೊಂಡಳು. ಸುದ್ದಿ ಕೇಳಿ ಓಡಿಬಂದ ಸುಮಳಿಗೆ ಮುಖ ನೋಡಲು ಸಿಕ್ಕಿತು, ಅಷ್ಟೇ. "ಕಾರ್ಯ ಎಲ್ಲ ಮುಗಿಯೋವರ್ಗೂ ಇಲ್ಲೇ ಇರ್ತೀನಿ, ಏನಾದ್ರೂ ಆಗ್ಲಿ" ಎಂದಳು. ನಾನು ಆಡಿಟರ ಬಳಿ ಓಡಿದೆ.

"ಗಡುವು ಮೀರುತ್ತೆ ಸಾರ್, ಏನಾಗುತ್ತೆ?"

"ಏನಾಗುತ್ತೆ? ಅಲ್ಲೀ ಅಂಗಡಿ ಲಾಭಕ್ಕೂ ಈ ವರ್ಷ ಇಲ್ಲಿ ತೆರಿಗೆ ಕಟ್ಬೇಕು. ಸಣ್ಣ ಅಂಗಡಿ, ದೊಡ್ಡದೇನೂ ಬರಲ್ಲ ಬಿಡಿ."

"ಅಷ್ಟೇನಾ?"

"ಅಷ್ಟೇ ಸಾರ್. ನೀವು ಕೇಳಿದ್ರೆ ಆಗ್ಲೇ ಹೇಳ್ತಿದ್ದೆ."

ಮನೆಗೆ ಬಂದು ಸುಮಳಿಗೆ ಹೇಳಿದೆ. ಅಮ್ಮನ ಸೀರೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. "ಹಂಗಾದ್ರೆ ಇರ್ಬೋದಿತ್ತು ಅಲ್ವಾ ಅಣ್ಣ" ಎಂದಳು.

ಇರಬಹುದಿತ್ತು. ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದೆ. ಇಷ್ಟು ತಪ್ಪಿಲ್ಲದ ಲೆಕ್ಕ ನನ್ನ ಕೈಯಿಂದ ಇನ್ನೊಂದು ಆಗಿಲ್ಲ.